ದೃಷ್ಟಿಬೊಂಬೆ ನಿಯಮ

ಒಂದು ಬೀದಿಯ ಎಲ್ಲ ಮನೆಗಳ ಕ್ಯಾಮೆರಾಗಳು ಒಂದಕ್ಕೊಂದು ಕಣ್ಣು ಕಡ ಕೊಡುವಂತಾದರೆ ಏನಾಗುತ್ತದೆ? ತಪೋವನ ಬಡಾವಣೆಯಲ್ಲಿ ಮೊದಲಿಗೆ ಆದದ್ದು ಇಷ್ಟೇ: ಮೂರನೇ ಮನೆಯವರು ತರಿಸುವ ಅಕ್ಕಿ ಯಾವ ಕಂಪನಿಯದು ಎಂಬುದು ಲಲಿತಮ್ಮನವರಿಗೆ ಗೊತ್ತಾಯಿತು.

ಮೈಸೂರಿನ ವರ್ತುಲ ರಸ್ತೆ ದಾಟಿದ ಮೇಲೆ ಸಿಗುವ ಈ ಬಡಾವಣೆಯಲ್ಲಿ ತಪಸ್ಸೂ ಇಲ್ಲ, ವನವೂ ಇಲ್ಲ. ಎದುರುಬದುರು ನಿಂತ ಮನೆಗಳಿವೆ, ಪ್ರತಿ ಮನೆಯ ಪೋರ್ಟಿಕೋ ಮೂಲೆಯಲ್ಲಿ ಹೆಬ್ಬೆರಳಿನಷ್ಟೇ ಗಾತ್ರದ ಕ್ಯಾಮೆರಾ ಇದೆ. ಅಷ್ಟು ಚಿಕ್ಕ ಮಸೂರಕ್ಕೆ ದೂರದ್ದೇನೂ ಕಾಣುವುದಿಲ್ಲ. ಅದಕ್ಕೆ 'ಕೂಡುನೋಟ' ಎಂಬ ಕಂಪನಿ ಕಂಡುಹಿಡಿದ ಉಪಾಯ ಸರಳವಾಗಿತ್ತು. ನೀವು ಫೋನಿನ ಮೇಲೆ ಎರಡು ಬೆರಳು ಅಗಲಿಸಿ ಜೂಮ್ ಮಾಡಿದರೆ ಅಕ್ಕಪಕ್ಕದ ಕ್ಯಾಮೆರಾಗಳೆಲ್ಲ ಅತ್ತ ತಿರುಗಿ ತಮಗೆ ಕಂಡಷ್ಟನ್ನು ಕಳಿಸುತ್ತವೆ; ಯಂತ್ರ ಆ ತುಂಡುಗಳನ್ನು ಹೊಲಿದು ಒಂದು ಸ್ಪಷ್ಟ ಚಿತ್ರ ಮಾಡಿ ನಿಮ್ಮ ಕೈಗಿಡುತ್ತದೆ. ಆದರೆ ಒಂದು ಬೀದಿಗೆ ಇರುವ ಸ್ಪಷ್ಟತೆ ಇಷ್ಟೇ ಎಂದು ನಿಗದಿಯಾಗಿದೆ, ನಲ್ಲಿ ನೀರಿನ ಹಾಗೆ. ಒಬ್ಬರು ಹೆಚ್ಚು ಎಳೆದರೆ ಇನ್ನೊಬ್ಬರ ಕಡೆ ಮಸುಕು. ಹಾಗಾಗಿ ಯಾವುದಕ್ಕೆ ಎಷ್ಟು ಜೂಮ್ ಎಂದು ಯಾರಾದರೂ ಹಂಚಬೇಕು. ಆ ಹಂಚಿಕೆಯ ನಿಯಮಗಳನ್ನು ಬರೆಯುವವಳು ಸಿಂಚನಾ. ಅವಳ ಮನೆಯೂ ಇದೇ ಬಡಾವಣೆಯಲ್ಲಿ, ಲಲಿತಮ್ಮನವರ ಎದುರಿಗೇ.

ಜನ ಕೂಡುನೋಟಕ್ಕೆ ದುಡ್ಡು ಕೊಡುತ್ತಿದ್ದದ್ದು ಅಕ್ಕಿಮೂಟೆ ನೋಡಲಿಕ್ಕಲ್ಲ, ಹಾಗಂತ ಅವರು ಹೇಳುತ್ತಿದ್ದರು. ಕಳ್ಳರು ಬಂದರೆ ಗೊತ್ತಾಗಬೇಕು. ಅದಕ್ಕಿಂತ ಮುಖ್ಯ, ಮನೆ ಮುಂದೆ ಯಾರಾದರೂ ಜಾರಿ ಬಿದ್ದರೆ ಬೀದಿಯ ಅಷ್ಟೂ ಕ್ಯಾಮೆರಾಗಳು ಅತ್ತ ತಿರುಗಿ, ಮನೆಯವರ ಫೋನುಗಳೆಲ್ಲ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಮನೆಯಲ್ಲಿ ವಯಸ್ಸಾದವರಿದ್ದ ಎಲ್ಲರೂ ಇದೊಂದಕ್ಕಾಗಿ ಚಂದಾದಾರರಾದರು.

ತೊಂದರೆ ಬಂದದ್ದು ದೃಷ್ಟಿಬೊಂಬೆಯಿಂದ.

"ಮೇಡಂ, ಮೇಲಿನ ಕಚೇರಿಯಿಂದ ಕೇಳ್ತಿದ್ದಾರೆ," ಎಂದಳು ನಿಯಂತ್ರಣ ಕೊಠಡಿಯಲ್ಲಿ ಸಿಂಚನಾಳ ಕೈಕೆಳಗೆ ಕೆಲಸ ಮಾಡುವ ತಬಸ್ಸುಮ್. "ಈ ಮೀಸೆ ಮನುಷ್ಯ ಯಾರು ಅಂತ. ಒಂದೇ ಹೊತ್ತಿಗೆ ಚಾಮರಾಜನಗರದಿಂದ ಬೀದರಿನ ತನಕ ಎಲ್ಲಾರ ಮನೆ ಮುಂದೆನೂ ನಿಂತಿದ್ದಾನಂತೆ. ಹೊಸ ಮನೆ ಕಂಡ್ರೆ ಬಿಡೋದೇ ಇಲ್ವಂತೆ. ದೊಡ್ಡ ಗ್ಯಾಂಗಿನ ಲೀಡರ್ ಇರಬಹುದು, ಪೊಲೀಸರಿಗೆ ತಿಳಿಸೋಣವಾ ಅಂತ ಬರೆದಿದ್ದಾರೆ."

"ನೀನೇನಂತ ಬರೆದೆ?"

"ಲೀಡರೇ ಹೌದು, ಆದ್ರೆ ಪಕ್ಕದಲ್ಲಿ ಬೂದುಗುಂಬಳಕಾಯಿ ನೇತಾಡ್ತಿದೆ ನೋಡಿ ಅಂದೆ."

ಕೆಟ್ಟ ಕಣ್ಣನ್ನು ಮನೆಯ ಬದಲು ತನ್ನ ಕಡೆಗೆ ಎಳೆದುಕೊಳ್ಳುವುದು ದೃಷ್ಟಿಬೊಂಬೆಯ ಕಸುಬು. ಉರಿಗಣ್ಣು, ಗಿರಿಜಾ ಮೀಸೆ, ಹೊರಚಾಚಿದ ಕೆಂಪು ನಾಲಗೆ. ಎಷ್ಟೋ ತಲೆಮಾರಿನಿಂದ ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಯಾರೂ ಹೇಳುವಂತಿರಲಿಲ್ಲ. ಈಗ ಹೇಳಬಹುದಾಗಿತ್ತು. ಮುಖ ಕಂಡಲ್ಲಿ ಜೂಮ್ ಹರಿಸು ಎಂದು ಕಲಿತಿದ್ದ ಕ್ಯಾಮೆರಾಗಳು ಬೀದಿಯ ಸ್ಪಷ್ಟತೆಯನ್ನೆಲ್ಲ ಬಸಿದು ಮೀಸೆಗೆ ಸುರಿಯುತ್ತಿದ್ದವು. ಮೀಸೆಯ ಒಂದೊಂದು ಎಳೆ ಎಣಿಸಬಹುದಿತ್ತು. ಅದರ ಕೆಳಗೆ ಸ್ಕೂಟರ್ ಕದಿಯುತ್ತಿದ್ದವನು ಮಾತ್ರ ಮಂಜಿನಲ್ಲಿ ಕರಗಿದ ಹಾಗೆ ಕಾಣುತ್ತಿದ್ದ. ಗಾಳಿಗೆ ಬೊಂಬೆ ಕಳಚಿ ಬಿದ್ದರೆ ಅರ್ಧ ಬಡಾವಣೆ ಕಚೇರಿ ಬಿಟ್ಟು ಓಡಿ ಬರುತ್ತಿತ್ತು.

"ಅಲುಗಾಡದ ಮುಖ ಎಲ್ಲಾ ಬೊಂಬೆ ಅಂತ ಬರೆದುಬಿಡಿ. ಮುಗೀತಲ್ಲ," ಎಂದರು ವಿಭಾಗದ ಮುಖ್ಯಸ್ಥ ಮುದ್ದಪ್ಪ. ಅವರಿಗೆ ಎಲ್ಲವೂ ಊಟದ ಹೊತ್ತಿನೊಳಗೆ ಮುಗಿಯಬೇಕು.

"ಹಾಗೆ ಬರೆದ್ರೆ ನಮ್ಮ ಮುದುಕರ ಗತಿ ಏನು ಸರ್? ಬೆಳಿಗ್ಗೆ ಬಿಸಿಲು ಕಾಯೋಕೆ ಕೂತೋರು ಮಧ್ಯಾಹ್ನದ ತನಕ ಕತ್ತು ಕೂಡ ತಿರುಗಿಸಲ್ಲ," ಎಂದಳು ಸಿಂಚನಾ.

"ಮತ್ತೆ ವ್ಯತ್ಯಾಸ ಹೆಂಗೆ ಹೇಳ್ತೀರಿ?"

ಸಿಂಚನಾ ಎರಡು ದಿನ ಯೋಚಿಸಿದಳು. ಉಸಿರಾಟ ನೋಡೋಣವೆಂದರೆ ಅಷ್ಟು ಸೂಕ್ಷ್ಮ ಕಾಣಲು ಬೇಕಾದಷ್ಟು ಸ್ಪಷ್ಟತೆಯನ್ನು ಎಲ್ಲ ಮುಖಗಳಿಗೂ ಸದಾ ಕೊಡಲಾಗದು. ಕೊನೆಗೆ ಹೊಳೆದದ್ದು ಬೊಂಬೆಯನ್ನು ಬಿಟ್ಟು ಅದರ ಸುತ್ತಲಿನವರನ್ನು ನೋಡಬೇಕು ಎಂಬುದು. ಮನುಷ್ಯನ ಎದುರಿಗೆ ಇನ್ನೊಬ್ಬ ಮನುಷ್ಯ ನಿಲ್ಲುತ್ತಾನೆ, ಮುಖಕ್ಕೆ ಮುಖ ಕೊಟ್ಟು ಏನಾದರೂ ಅನ್ನುತ್ತಾನೆ, ಅರ್ಧ ಲೋಟ ಕಾಫಿ ಕುಡಿಯುವಷ್ಟು ಹೊತ್ತಾದರೂ. ಬೊಂಬೆಯ ಎದುರಿಗೆ ಯಾರೂ ನಿಲ್ಲುವುದಿಲ್ಲ. ಮನೆ ಮುಂದಿನ ಒಂದು ಅಲುಗದ ಮುಖದತ್ತ ವಾರಗಟ್ಟಲೆ ಯಾರೂ ಮುಖ ತಿರುಗಿಸದೇ ಇದ್ದರೆ ಅದು ಬೊಂಬೆ. ಅದಕ್ಕೆ ಜೂಮ್ ಬೇಡ. ಬಿದ್ದರೆ ಗಂಟೆ ಬಾರಿಸುವುದೂ ಬೇಡ. ಮತ್ತೆ ಯಾವತ್ತಾದರೂ ಒಬ್ಬರು ಎದುರು ನಿಂತು ಮಾತಾಡಿಸಿದರೆ ಅದು ಬೊಂಬೆಯಲ್ಲ, ಕೂಡಲೇ ಮನುಷ್ಯ.

ಯಂತ್ರ ತಪ್ಪಿದರೆ ಮನೆಯವರೇ ಗುಂಡಿ ಒತ್ತಿ ತಿದ್ದಲಿ ಎಂದು ಮೊದಲು ಬಿಟ್ಟಿದ್ದರು. ಜನ ತಮಗಾಗದ ಬಾಡಿಗೆದಾರರನ್ನೂ ಓರಗಿತ್ತಿಯರನ್ನೂ ಬೊಂಬೆ ಎಂದು ಗುರುತು ಮಾಡತೊಡಗಿದ್ದರಿಂದ ಆ ಗುಂಡಿಯನ್ನು ತೆಗೆದುಹಾಕಲಾಯಿತು.

ನಿಯಮ ಸೊಗಸಾಗಿ ಕೆಲಸ ಮಾಡಿತು. ಮೀಸೆಗಳು ಮಸುಕಾದವು, ಸ್ಕೂಟರ್ ಕಳ್ಳರು ನಿಚ್ಚಳವಾದರು. ವಾರ್ಷಿಕ ಸಭೆಯಲ್ಲಿ ಅದಕ್ಕೆ 'ಮಾನವೀಯ ಸ್ಪರ್ಶ' ಎಂದು ಹೆಸರಿಟ್ಟು ಸಿಂಚನಾಗೆ ಒಂದು ಗಾಜಿನ ಫಲಕ ಕೊಟ್ಟರು.

ಸಿಂಚನಾಳ ಮಾವ ಗುರುಮಲ್ಲಪ್ಪ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಅವರ ಗಂಟಲು ಹಿಂದಿನ ಬಾಗಿಲಿಂದ ಮುಂದಿನ ಬಾಗಿಲಿಗೆ ಬಸ್ಸಿಗಿಂತ ಮೊದಲೇ ತಲುಪುತ್ತಿತ್ತು ಎನ್ನುತ್ತಿದ್ದರು. ಪಾರ್ಶ್ವವಾಯು ಹೊಡೆದ ಮೇಲೆ ಬಲಗೈ ಬಲಗಾಲಿನ ಜತೆ ಮಾತೂ ಹೋಯಿತು, ಒಂದು ಮಾತನ್ನು ಬಿಟ್ಟು.

"ಕಾಫಿ ಕೊಡ್ಲಾ ಮಾವ?"

"ರೈಟ್."

"ಬಿಸಿ ಜಾಸ್ತಿ ಆಯ್ತಾ?"

"ರೈಟ್."

"ಕಾಲು ನೋಯ್ತಿದೆಯಾ, ಇಲ್ವಾ?"

"ರೈಟ್."

ಮೊದಮೊದಲು ಬಂದ ನೆಂಟರೆಲ್ಲ ನಕ್ಕು, ಕಣ್ಣೊರೆಸಿಕೊಂಡು ಹೋದರು. ಸಿಂಚನಾ ಕೂಡ ಆ ಒಂದು ಮಾತಿನ ಏರಿಳಿತದಲ್ಲಿ ಹೌದು ಯಾವುದು, ಬೇಡ ಯಾವುದು ಎಂದು ಹಿಡಿಯಲು ಕಲಿಯುತ್ತಿದ್ದಳು. ಆದರೆ ಬೆಳಗಿನ ಅವಸರದಲ್ಲಿ ಅಷ್ಟು ಕಿವಿಗೊಡಲು ಪುರುಸೊತ್ತೆಲ್ಲಿ? ಎಲ್ಲ ಪ್ರಶ್ನೆಗೂ ಒಂದೇ ಉತ್ತರ ಬರುವಾಗ ಕೇಳುವುದೇ ದಂಡ ಎಂದು ಮನೆಯವರಿಗೆ ಯಾವಾಗ ಅನ್ನಿಸಿತೋ, ಅದನ್ನು ಯಾರೂ ಗುರುತಿಟ್ಟುಕೊಳ್ಳಲಿಲ್ಲ. ಕೇಳದೆಯೇ ಕಾಫಿ ಬಂತು, ಕೇಳದೆಯೇ ಲೋಟ ಹೋಯಿತು.

ಸ್ನಾನ ಆದ ಮೇಲೆ ಹೋಂ ನರ್ಸ್ ಸುಗುಣ ಗಾಲಿಕುರ್ಚಿಯನ್ನು ಹಿಂದಿನಿಂದ ತಳ್ಳಿಕೊಂಡು ಬಂದು ಪೋರ್ಟಿಕೋದಲ್ಲಿ ನಿಲ್ಲಿಸಿ ಒಳಗೆ ಹೋಗುತ್ತಿದ್ದಳು. ಸಿಂಚನಾಳ ಗಂಡ ಅಭಿಲಾಷನಿಗೆ ಈ ಏರ್ಪಾಟು ಹಿಡಿಸಿತ್ತು. "ಮನೆ ಮುಂದೆ ಹಿರಿಯರು ಒಬ್ರು ಕೂತಿದ್ರೆ ಅದೇ ಒಂದು ಲಕ್ಷಣ," ಎನ್ನುತ್ತಿದ್ದ. "ಮನೇಲಿ ಜನ ಇದ್ದಾರೆ ಅಂತ ಕಳ್ಳಕಾಕರಿಗೂ ಗೊತ್ತಾಗುತ್ತೆ." ಅವರ ಮನೆಗೆ ಮೀಸೆಯ ಬೊಂಬೆ ಕಟ್ಟಿರಲಿಲ್ಲ. ಹಾಗೆ ಕಟ್ಟುವುದು ಮೂಢನಂಬಿಕೆ ಎಂದು ಇಬ್ಬರಿಗೂ ಒಪ್ಪಿತವಾಗಿತ್ತು.

ಒಂದು ಬುಧವಾರ ಗುರುಮಲ್ಲಪ್ಪನವರು ಆ ಕುರ್ಚಿಯಿಂದ ಕೆಳಕ್ಕೆ ಜಾರಿ ಬಿದ್ದರು.

ಸುಗುಣ ಒಳಗೆ ಫೋನಿನಲ್ಲಿ ತಂಗಿಯ ಮದುವೆ ಮಾತುಕತೆ ಆಡುತ್ತಿದ್ದಳು. ಅಭಿಲಾಷ ಬ್ಯಾಂಕಿನಲ್ಲಿ, ಸಿಂಚನಾ ನಿಯಂತ್ರಣ ಕೊಠಡಿಯಲ್ಲಿ. ಯಾರ ಫೋನೂ ಬಡಿದುಕೊಳ್ಳಲಿಲ್ಲ. ಬಿಸಿಲು ಪೋರ್ಟಿಕೋದ ಒಳಗೆ ಬಂದು, ಅವರ ಕಾಲು ದಾಟಿ, ಮುಖಕ್ಕೆ ಬಂದ ಮೇಲೆ ಲಲಿತಮ್ಮ ಸಂಡಿಗೆ ಒಣಹಾಕಲು ಹೊರಗೆ ಬಂದರು.

"ನಾನು ಫೋನಲ್ಲಿ ಆಗ್ಲೇ ನೋಡಿದ್ದೆ ಕಣಮ್ಮ," ಎಂದರು ಆಸ್ಪತ್ರೆಯಲ್ಲಿ, ಸಿಂಚನಾಳ ಕೈ ಹಿಡಿದುಕೊಂಡು. "ಏನೋ ಬೂದಿ ಬಣ್ಣದ್ದು ಬಿದ್ದಿತ್ತು. ಕಂಬಳಿ ಒಗೆದು ಹಾಕಿದ್ದೀರೇನೋ ಅಂದ್ಕೊಂಡೆ. ಜೂಮ್ ಮಾಡ್ದೆ. ಎಷ್ಟು ಎಳೆದ್ರೂ ಮುಖಾನೇ ಬರ್ಲಿಲ್ಲ. ನಿಮ್ಮ ಕೊರಿಯರಿನ ಡಬ್ಬದ ಮೇಲಿನ ಅಕ್ಷರ ಓದೋ ಹಂಗಿತ್ತು, ಅದೊಂದು ಮಾತ್ರ ಬರ್ಲಿಲ್ಲ." ಕೊರಿಯರ್ ಡಬ್ಬದ ವಿಷಯ ಹೇಳಬಾರದಿತ್ತು ಎಂದು ಅವರಿಗೆ ತಡವಾಗಿ ಹೊಳೆದು, "ನಿಮ್ಮ ಕ್ಯಾಮೆರಾ ಕೈಕೊಡ್ತು ಬಿಡಿ," ಎಂದು ಮಾತು ತೇಲಿಸಿದರು.

ತೊಡೆಮೂಳೆ ಮುರಿದಿತ್ತು. ಮುಖದ ಒಂದು ಮಗ್ಗುಲು ಬಿಸಿಲಿಗೆ ಬೆಂದಿತ್ತು. ಶಸ್ತ್ರಚಿಕಿತ್ಸೆ ಆಯಿತು. ಮಲಗಿದ್ದ ಮಾವನನ್ನು ನರ್ಸ್ "ನೋವಿದೆಯಾ ಅಜ್ಜ?" ಎಂದು ಕೇಳಿದಾಗ ಅವರು ರೈಟ್ ಎನ್ನಲಿಲ್ಲ. ಉಳಿದಿದ್ದ ಆ ಒಂದು ಮಾತೂ ಹೋಗಿತ್ತು.

"ನಿಮ್ಮ ಕಂಪನಿ ಮೇಲೆ ಕೇಸ್ ಹಾಕ್ತೀನಿ," ಎಂದ ಅಭಿಲಾಷ ಕಾರಿಡಾರಿನಲ್ಲಿ. "ನಿನ್ನ ಕೆಲಸ ಹೋದ್ರೂ ಚಿಂತೆ ಇಲ್ಲ. ಬಿದ್ದೋರು ಕಾಣಲ್ಲ ಅಂದ್ರೆ ಅದೆಂಥ ಕ್ಯಾಮೆರಾನಮ್ಮ?"

"ಹಾಕು," ಎಂದಳು ಸಿಂಚನಾ. "ದೋಷ ಎಲ್ಲಿ ಆಯ್ತು ಅಂತ ಮೊದಲು ನಾನು ನೋಡ್ತೀನಿ."

ಅವಳಿಗೂ ಆಗ ಅದು ದೋಷವೆಂದೇ ಅನ್ನಿಸಿತ್ತು. ಕಂಪನಿಯಲ್ಲಿ ಮಾವನ ಮಾತೆತ್ತದೆ, ಮೈಸೂರಿನಿಂದ ಒಂದು ದೂರು ಬಂದಿದೆ ಎಂದಷ್ಟೇ ಹೇಳಿ ಆ ಮನೆಯ ಚಿತ್ರಗಳನ್ನು ತೆಗೆಸಿದಳು. ತನಿಖೆಯಲ್ಲಿ ಮನೆಯವರ ಮುಖದ ಮೇಲೆ ಬೂದು ಮುಸುಕು ಹಾಕುವುದು ಕಾನೂನು. ಮನೆಗೂ ಹೆಸರಿರುವುದಿಲ್ಲ, ಸಂಖ್ಯೆ ಇರುತ್ತದೆ. ದೊಡ್ಡ ಪರದೆಯ ಮುಂದೆ ಅವಳು, ತಬಸ್ಸುಮ್, ಮುದ್ದಪ್ಪ ಕೂತರು.

"ಲೆನ್ಸ್ ಮೇಲೆ ಧೂಳಿರುತ್ತೆ. ನೂರಕ್ಕೆ ತೊಂಬತ್ತು ಧೂಳೇ," ಎಂದರು ಮುದ್ದಪ್ಪ.

ಧೂಳಿರಲಿಲ್ಲ. ಗಾಲಿಕುರ್ಚಿಯ ಸುತ್ತ ಯಂತ್ರ ಎಳೆದಿದ್ದ ಚೌಕದ ಮೇಲೆ ಒಂದೇ ಪದವಿತ್ತು: ಬೊಂಬೆ.

"ಅಯ್ಯೋ ಪಾಪ," ಎಂದಳು ತಬಸ್ಸುಮ್. "ತಡೀರಿ ಮೇಡಂ, ಹಿಂದಿನ ವಾರಗಳನ್ನ ಓಡಿಸ್ತೀನಿ. ಯಾರೋ ಮಾತಾಡಿಸಿರ್ತಾರೆ, ಯಂತ್ರ ಅದನ್ನ ಬಿಟ್ಟಿರುತ್ತೆ. ಆ ತಪ್ಪು ಸಿಕ್ಕಿದ್ರೆ ಆಯ್ತಲ್ಲ."

ವಾರಗಳು ವೇಗವಾಗಿ ಓಡಿದವು. ಕುರ್ಚಿ ಬರುತ್ತದೆ, ಹಿಂದೆ ತಳ್ಳುವವಳು. ಕುರ್ಚಿ ಹೋಗುತ್ತದೆ, ಹಿಂದೆ ಎಳೆಯುವವಳು. ಹೆಲ್ಮೆಟ್ ಹಾಕಿಕೊಳ್ಳುತ್ತ ಒಬ್ಬ ಗಂಡಸು ಪಕ್ಕದಲ್ಲೇ ಗಾಡಿ ತಿರುಗಿಸಿಕೊಂಡು ಹೋಗುತ್ತಾನೆ. ಪೇಪರ್ ಬೀಳುತ್ತದೆ, ಡಬ್ಬ ಬರುತ್ತದೆ, ಲಕೋಟೆ ಬರುತ್ತದೆ. ಬಂದವರು ಕುರ್ಚಿಯ ತಲೆಯ ಮೇಲಿಂದ ಕೈ ಚಾಚಿ ಕರೆಗಂಟೆ ಒತ್ತುತ್ತಾರೆ. ದಿನಾ ಬೆಳಿಗ್ಗೆ ಒಬ್ಬ ಹೆಂಗಸು ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಬಂದು, ಮುಖ ಗೇಟಿನ ಕಡೆಗಿಟ್ಟು, ಕೈಯನ್ನು ಮಾತ್ರ ಹಿಂದಕ್ಕೆ ಚಾಚಿ ಸ್ಟೂಲಿನ ಮೇಲೆ ಲೋಟ ಇಡುತ್ತಾಳೆ. ಲೋಟ ಇಟ್ಟದ್ದು ಎಡಕ್ಕೋ ಬಲಕ್ಕೋ ಎಂದು ನೋಡುವುದಿಲ್ಲ. ಬಲಕ್ಕಿಟ್ಟ ದಿನ ಕುರ್ಚಿಯ ಮನುಷ್ಯನ ಎಡಗೈ ಮಡಿಲನ್ನು ದಾಟಿ, ಸ್ಟೂಲಿನ ಅಂಚಿನ ತನಕ ಬಂದು, ಅಲ್ಲೇ ನಿಲ್ಲುತ್ತದೆ.

"ಸೊಸೆನೇ ಇರಬೇಕು, ನೋಡಿ ಮೇಡಂ," ಎಂದಳು ತಬಸ್ಸುಮ್. "ಲೋಟ ಇಡೋ ವರಸೆ ನೋಡಿ. ನಮ್ಮ ಬೀದಿ ನಾಯಿಗೆ ನಾನು ಬನ್ ಹಾಕುವಾಗ್ಲೂ ಒಂದ್ಸಲ ಮುಖ ನೋಡ್ತೀನಪ್ಪ."

ಮುದ್ದಪ್ಪ ನಕ್ಕರು. "ಇಂಥ ಮನೆಯೋರೇ ಆಮೇಲೆ ಕೇಸ್ ಹಾಕೋದು."

"ಒಳಗಡೆ ಏನಾದ್ರೂ ಮಾತಾಡಿಸ್ತಾರೇನೋ," ಎಂದು ತಬಸ್ಸುಮ್ ತಾನೇ ಸಮಾಧಾನ ಹುಡುಕಿದಳು. "ಅದು ನಮಗೆ ಕಾಣಲ್ಲ, ಅಲ್ವಾ ಮೇಡಂ?"

ಸಿಂಚನಾ ಒಳಗಡೆಯನ್ನು ನೆನೆಸಿಕೊಂಡಳು. ಊಟದ ಮೇಜು, ಟಿವಿ ನೋಡುತ್ತ ತುತ್ತು ಹಿಡಿದ ಸುಗುಣಾಳ ಕೈ, ಬಾಗಿಲಲ್ಲಿ ನಿಂತು "ಅಪ್ಪಾಜಿ ಮಲಗಿದ್ರಾ?" ಎಂದು ಸುಗುಣಾಳನ್ನು ಕೇಳುವ ಅಭಿಲಾಷ. ಎಲ್ಲಾದರೂ ಒಂದು ಕಡೆ ತಾನು ಅವರ ಎದುರಿಗೆ ನಿಂತಿರಬೇಕು ಎಂದು ಹುಡುಕಿದಳು. ಹಬ್ಬಕ್ಕೆ ಕಾಲಿಗೆ ನಮಸ್ಕಾರ ಮಾಡಿದ್ದು ಸಿಕ್ಕಿತು. ಆಗಲೂ ನೋಡಿದ್ದು ಕಾಲನ್ನು.

ಪರದೆಯ ಮೇಲೆ ಹೆಂಗಸು ಮತ್ತೆ ಲೋಟ ಇಡಲು ಬಾಗಿದಳು. ಕುತ್ತಿಗೆಯಿಂದ ಒಂದು ಕಿತ್ತಳೆ ಪಟ್ಟಿ ಜೋತುಬಿತ್ತು, ಅದರ ತುದಿಗೆ ಗುರುತಿನ ಚೀಟಿ. ಅಂಥದೇ ಪಟ್ಟಿ ತಬಸ್ಸುಮಳ ಕೊರಳಲ್ಲೂ ಇತ್ತು, ಮುದ್ದಪ್ಪನವರ ಕೊರಳಲ್ಲೂ ಇತ್ತು. ತಬಸ್ಸುಮ್ ಚಿತ್ರ ನಿಲ್ಲಿಸಿದಳು. ಪಟ್ಟಿಯನ್ನು ನೋಡಿದಳು. ಆಮೇಲೆ ಬಹಳ ಎಚ್ಚರಿಕೆಯಿಂದ ಯಾರ ಕಡೆಗೂ ನೋಡದೆ ಕೂತಳು.

"ಧೂಳು ಅಂತ ಬರೆಯೋಣ," ಎಂದರು ಮುದ್ದಪ್ಪ. ಅವರ ದನಿ ಮೆತ್ತಗಾಗಿತ್ತು, ಅವರಿಗೂ ಕಂಡಿತ್ತು.

"ಅದು ನಾನೇ ಸರ್. ಅವರು ನಮ್ಮ ಮಾವ."

"ನಾನೇನೂ ಕೇಳ್ಲಿಲ್ವಲ್ಲ."

"ನಿಯಮ ತಪ್ಪಿಲ್ಲ. ಒಂದು ಕಡೆನೂ ತಪ್ಪಿಲ್ಲ."

"ನೋಡಿ ಸಿಂಚನಾ. ನಿಯಮ ಸರಿ ಅಂತ ಬರೆದ್ರೆ ಕಂಪನಿ ಉಳಿಯುತ್ತೆ, ನಿಮಗೆ ಕಷ್ಟ. ತಪ್ಪು ಅಂತ ಬರೆದ್ರೆ ನೀವು ಉಳೀತೀರಿ, ಕಂಪನಿಗೆ ಕಷ್ಟ. ಧೂಳು ಅಂತ ಬರೆದ್ರೆ ಯಾರಿಗೂ ಕಷ್ಟ ಇಲ್ಲ."

ಅವಳು ವರದಿಯನ್ನು ತಾನೇ ಬರೆದಳು. ಧೂಳಿನ ಮಾತು ಅದರಲ್ಲಿರಲಿಲ್ಲ.

ಅಂದು ಸಂಜೆ ಅಭಿಲಾಷನಿಗೆ ಹೇಳಬೇಕಾಯಿತು. ಅವನು ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ಕೇಸ್ ನಿಲ್ಲಲ್ಲ ಅನ್ನು," ಎಂದ. ಆಮೇಲೆ, "ಆ ಹೆಲ್ಮೆಟ್‌ನೋನು ನಾನೇನಾ?" ಎಂದು ಕೇಳಿದ. ಉತ್ತರಕ್ಕೆ ಕಾಯದೆ ಗಾಡಿಗೆ ಪೆಟ್ರೋಲು ಹಾಕಿಸಬೇಕೆಂದು ಹೊರಟ. ಆ ಗಾಡಿ ಬ್ಯಾಟರಿಯದು.

ಒಂದು ಮನೆಯಲ್ಲಿ ಹೀಗಾಗಿದ್ದರೆ ಉಳಿದ ಮನೆಗಳಲ್ಲಿ? ಯಂತ್ರವನ್ನು ಕೇಳಿದರೆ ಅದು ಹೇಳಲಾರದು. ಉಸಿರಾಡುವ ಬೊಂಬೆ ಯಾವುದೆಂದು ತಿಳಿಯಲು ಹತ್ತಿರದಿಂದ ನೋಡಬೇಕು. ಹತ್ತಿರದಿಂದ ನೋಡಲು ಮೊದಲು ಅದು ಮನುಷ್ಯ ಅನ್ನಿಸಿಕೊಳ್ಳಬೇಕು. ಕೊನೆಗೆ ಬೊಂಬೆಯ ಗುರುತು ಬಿದ್ದಿದ್ದ ಎಲ್ಲ ಮನೆಗಳಿಗೂ ಸಂದೇಶ ಕಳಿಸುವುದೆಂದಾಯಿತು. ಅದರ ಒಕ್ಕಣೆಗೆ ಒಂದು ಇಡೀ ದಿನ ಹಿಡಿಯಿತು. 'ನಿಮ್ಮ ಮನೆಯ ಹಿರಿಯರನ್ನು ನೀವು ಮಾತಾಡಿಸುತ್ತಿಲ್ಲ' ಎಂದರೆ ಗಿರಾಕಿಗಳು ಬಿಟ್ಟುಹೋಗುತ್ತಾರೆ ಎಂದರು ಮುದ್ದಪ್ಪ. ಕಳಿಸಿದ ಒಕ್ಕಣೆ ಇದು: 'ನಿಮ್ಮ ಮನೆಯ ಮುಂದಿರುವುದು ಬೊಂಬೆಯಲ್ಲದಿದ್ದಲ್ಲಿ, ದಯವಿಟ್ಟು ಅದರ ಎದುರು ನಿಂತು ಸ್ವಲ್ಪ ಹೊತ್ತು ಮಾತನಾಡಿ.'

ಜನ ಹೊಂದಿಕೊಂಡರು, ಜನ ಯಾವುದಕ್ಕೂ ಹೊಂದಿಕೊಳ್ಳುತ್ತಾರೆ. ಒಕ್ಕಣೆಯನ್ನು ಪೂರ್ತಿ ಓದದ ಕೆಲವರು ನಿಜವಾದ ಮೀಸೆ ಬೊಂಬೆಯ ಮುಂದೆಯೇ ನಿಂತು ಕ್ಷೇಮ ಸಮಾಚಾರ ವಿಚಾರಿಸಿದರು. ಕೆಲವು ಮನೆಗಳಲ್ಲಿ ಸಂದೇಶ ಬಂದ ಕೂಡಲೇ ಫೋನನ್ನು ಮಗುಚಿಟ್ಟು, ಯಾರೂ ಯಾರನ್ನೂ ನೋಡದೆ ಊಟ ಮುಗಿಸಿದರು. ದಿನಕ್ಕೊಂದು ಸಲ ಬಂದು ಎದುರು ನಿಂತು ಮಾತಾಡಿ ಹೋಗುವವರು ಬಾಡಿಗೆಗೆ ಸಿಗತೊಡಗಿದರು. ಕುವೆಂಪುನಗರದಲ್ಲಿ ಒಬ್ಬ ಅಜ್ಜಿ ಹಾಗೆ ಬಂದವನನ್ನು ಮೊಮ್ಮಗನಿಗಿಂತ ಹೆಚ್ಚು ಹಚ್ಚಿಕೊಂಡರಂತೆ.

ಗುರುಮಲ್ಲಪ್ಪನವರು ಮನೆಗೆ ಬಂದರು. ಪೋರ್ಟಿಕೋದ ಚೌಕದ ಮೇಲೆ ಪದ ಇನ್ನೂ ಹಾಗೇ ಇತ್ತು. ಅವರು ಇನ್ನೊಮ್ಮೆ ಬಿದ್ದರೆ ಇನ್ನೊಮ್ಮೆಯೂ ಯಾರಿಗೂ ತಿಳಿಯುವುದಿಲ್ಲ. ಸಿಂಚನಾ ಸುಗುಣಾಳನ್ನು ಒಳಗೆ ಕಳಿಸಿ, ಕುರ್ಚಿಯ ಮುಂದೆ ಬಂದು ನಿಂತಳು. ಕೈಯಲ್ಲಿ ಫೋನು, ಫೋನಿನಲ್ಲಿ ಚೌಕ.

"ಮಾವ," ಎಂದಳು. "ತಿಂಡಿ ಆಯ್ತಾ?"

ಮಾವ ಅವಳನ್ನು ನೋಡಿದರು. ಅವಳ ಕೈಯ ಫೋನನ್ನು ನೋಡಿದರು. ಆಮೇಲೆ ಬಹಳ ಕಷ್ಟಪಟ್ಟು, ಕತ್ತಿನ ನರ ಬಿಗಿದು, ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಅವಳು ಸುತ್ತಿ ಆ ಕಡೆ ಹೋದಳು. ಅಷ್ಟೇ ಕಷ್ಟಪಟ್ಟು ಅವರು ಈ ಕಡೆ ತಿರುಗಿದರು. ಎದುರು ಮನೆಯ ಪೋರ್ಟಿಕೋದಲ್ಲಿ ಲಲಿತಮ್ಮ ಬರಿಗಣ್ಣಿನಲ್ಲೇ ನೋಡುತ್ತಿದ್ದರು.

ಮರುದಿನವೂ ಹಾಗೇ. ಅದರ ಮರುದಿನವೂ. ಒಂದು ಮಾತೂ ಉಳಿದಿರದ ಬಾಯಿಗೆ ಬದಲಾಗಿ ಅವರ ಕತ್ತು ಮಾತಾಡಲು ಕಲಿತಿತ್ತು, ಮತ್ತು ಅದರ ಅರ್ಥ ಹಿಡಿಯಲು ಯಾವ ಏರಿಳಿತವನ್ನೂ ಆಲಿಸಬೇಕಿರಲಿಲ್ಲ. ಅಭಿಲಾಷನೂ ಒಂದು ಬೆಳಿಗ್ಗೆ ಹೆಲ್ಮೆಟ್ ಕಳಚಿಟ್ಟು ಬಂದು, "ಅಪ್ಪಾಜಿ, ಸುಮ್ನೆ ಒಂದು ನಿಮಿಷ ಇತ್ಲಾಗೆ ನೋಡಿ, ನಿಮ್ಮ ಒಳ್ಳೇದಕ್ಕೇ," ಎಂದ. ಅಪ್ಪಾಜಿ ಕಣ್ಣು ಮುಚ್ಚಿಕೊಂಡರು.

ಆ ಭಾನುವಾರ ಸಿಂಚನಾ ಫೋನು ತರಲಿಲ್ಲ. ಸ್ಟೂಲನ್ನು ಎಳೆದು ಅವರ ಮೊಣಕಾಲಿಗೆ ತನ್ನ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು. ಕೇಳಬೇಕೆಂದು ಅಂದುಕೊಂಡು ಬಂದದ್ದು ಬೇರೆಯೇ ಇತ್ತು.

"ಮಾವ," ಎಂದಳು. "ಆವತ್ತು ಬಿದ್ದಾಗ ನಮ್ಮನ್ನ ಕರೆದ್ರಾ?"

ಗುರುಮಲ್ಲಪ್ಪನವರ ಮುಖ ನಿಧಾನವಾಗಿ ಅವಳ ಕಡೆಗೆ ಬಂತು. ಬೆಂದ ಮಗ್ಗುಲಿನ ಚರ್ಮ ಅಲ್ಲಲ್ಲಿ ಸುಲಿದು ಎಳೆಗೆಂಪಾಗಿತ್ತು. ಅವರು ಅವಳ ಕಣ್ಣಿಗೆ ಕಣ್ಣಿಟ್ಟು ನೋಡಿದರು.

ನಿಯಮದ ಪ್ರಕಾರ ಈಗ ಬೇಕಾದದ್ದು ಬಹಳ ಕಡಿಮೆ. ಅವಳು ಹಾಗೇ ಮುಖ ಎತ್ತಿಕೊಂಡಿರಬೇಕು, ಅರ್ಧ ಲೋಟ ಕಾಫಿ ಕುಡಿಯುವಷ್ಟು ಹೊತ್ತು. ಹಾಗೆ ಬರೆದವಳು ಅವಳೇ. ಇದಕ್ಕಿಂತ ಸುಲಭದ ಪರೀಕ್ಷೆ ಮನುಷ್ಯರಿಗೆ ಇರಲಾರದು ಎಂದು ಸಭೆಯಲ್ಲಿ ಹೇಳಿದ್ದಳು. ಸಿಂಚನಾ ಅವರ ಕಣ್ಣನ್ನು ನೋಡಿದಳು, ಇನ್ನೂ ಸ್ವಲ್ಪ ನೋಡಿದಳು, ಆಮೇಲೆ ಅವಳ ತಲೆ ತಾನಾಗಿ ಕೆಳಗೆ ಹೋಯಿತು. ಎತ್ತಲು ಯತ್ನಿಸಿದಳು. ಆಗಲಿಲ್ಲ.

ಮಾವ ಕಣ್ಣು ಕೀಳಲಿಲ್ಲ.